ಬೇಸಿಗೆಯ ವಸತಿ ಎಂಜಿನಿಯರಿಂಗ್ ಶಿಬಿರಕ್ಕೆ ಮಗಳನ್ನು ಕಳುಹಿಸಬಹುದೇ? ಅನುಭವವಿದ್ದವರು ತಿಳಿಸಿ

ಕೇಳಿದವರು: ಸಿಂಧನೂರಿನ ಒಬ್ಬ ತಂದೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಈಗಷ್ಟೇ ಒಂಬತ್ತನೇ ತರಗತಿ ಮುಗಿಸಿದ್ದಾಳೆ. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ, ಕಪ್ಪಾದ ಪಾಯಿಂಟುಗಳನ್ನು ಉಜ್ಜಿ ಮತ್ತೆ ಜೋಡಿಸುವಷ್ಟು ಆಸಕ್ತಿ ಅವಳಿಗಿದೆ. ಬೆಂಗಳೂರಿನ ಒಂದು ಸಂಸ್ಥೆಯವರು ಮೂರು ವಾರಗಳ ವಸತಿ ಶಿಬಿರದಲ್ಲಿ ರೊಬಾಟಿಕ್ಸ್, ಡ್ರೋನ್, ತ್ರೀಡಿ ಪ್ರಿಂಟಿಂಗ್ ಕಲಿಸುವುದಾಗಿ ಹೇಳಿ 38,000 ರೂಪಾಯಿ ಕೇಳುತ್ತಿದ್ದಾರೆ. ಕನ್ನಡ ಮಾಧ್ಯಮದ ಹುಡುಗಿ ಅಲ್ಲಿ ಹೊಂದಿಕೊಂಡಾಳೇ, ಹೆಣ್ಣುಮಕ್ಕಳ ವಸತಿ ಹೇಗಿರುತ್ತದೆ, ಕೊಟ್ಟ ಹಣಕ್ಕೆ ತಕ್ಕಷ್ಟು ಕಲಿಕೆ ಆಗುತ್ತದೆಯೇ? ಮಕ್ಕಳನ್ನು ಕಳುಹಿಸಿದವರು ದಯವಿಟ್ಟು ತಿಳಿಸಿ.

ಶಕ್ತಿನಗರದಿಂದ, ವಿದ್ಯುತ್ ಸ್ಥಾವರದ ಉದ್ಯೋಗಿ

ಕಳೆದ ವರ್ಷ ಮಗನನ್ನು ಹೈದರಾಬಾದಿನ ಒಂದು ಶಿಬಿರಕ್ಕೆ ಕಳುಹಿಸಿದೆ. ಪೈಸೆ ಪೈಸೆಯ ಲೆಕ್ಕ ಇಟ್ಟಿರುವುದರಿಂದ ಹೇಳುತ್ತಿದ್ದೇನೆ. ಕರಪತ್ರದಲ್ಲಿದ್ದ ಶುಲ್ಕ 42,500. ಕಟ್ಟಲು ಹೋದಾಗ ಶೇ 18ರ ಜಿಎಸ್‌ಟಿ ಪ್ರತ್ಯೇಕವೆಂದರು, 50,150 ಆಯಿತು. ಕಿಟ್ಟಿಗೆ 5,000 ಠೇವಣಿ, ಬಟ್ಟೆ ಒಗೆಯಲು 900, ಎಲ್ಲರೂ ತೊಡಲೇಬೇಕಾದ ಟೀ ಶರ್ಟಿಗೆ 650. ಕೊನೆಯ ದಿನ, ಹೇಳಿದಷ್ಟೇ ಕೋನಕ್ಕೆ ತಿರುಗುವ ಸರ್ವೋ ಮೋಟಾರಿನ ಗೇರಿನ ಹಲ್ಲು ಮುರಿದಿದೆ ಎಂದು ಠೇವಣಿಯಲ್ಲಿ 1,800 ಹಿಡಿದುಕೊಂಡರು. ಪ್ಲಾಸ್ಟಿಕ್ ಹಲ್ಲಿನ ಆ ಪುಟ್ಟ ಸರ್ವೋ ಹೊರಗೆ ಇನ್ನೂರು ರೂಪಾಯಿಯೊಳಗೆ ಸಿಗುತ್ತದೆ.

ಮಕ್ಕಳು ಮಾಡಿದ್ದೇನೆಂದರೆ ಕಪ್ಪು ಪಟ್ಟಿಯ ಮೇಲೆ ಓಡುವ ಗಾಡಿ. ವೈರುಗಳನ್ನು ಮೊದಲೇ ಬೆಸೆದಿದ್ದರು, ಪ್ರೋಗ್ರಾಂ ಮೊದಲೇ ತುಂಬಿದ್ದರು. ಚಕ್ರ ಸಿಕ್ಕಿಸುವುದಷ್ಟೇ ಮಕ್ಕಳಿಗೆ ಬಿಟ್ಟ ಕೆಲಸ. ಕಪ್ಪು ಬಣ್ಣ ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುತ್ತದೆ, ಬಿಳಿ ನೆಲ ಅದನ್ನು ಹಿಂದಕ್ಕೆ ಕಳುಹಿಸುತ್ತದೆ, ಸೆನ್ಸರ್ ಈ ವ್ಯತ್ಯಾಸ ನೋಡಿ ದಾರಿ ಹಿಡಿಯುತ್ತದೆ ಎಂಬುದನ್ನು ಮಗ ಮನೆಗೆ ಬಂದ ಮೇಲೆ ನಾನು ಹೇಳಿಕೊಡಬೇಕಾಯಿತು. ಗಾಡಿಯನ್ನಾದರೂ ಕೊಟ್ಟರೇ? ಮುಂದಿನ ತಂಡಕ್ಕೆ ಬೇಕೆಂದು ಇಟ್ಟುಕೊಂಡು, ಪ್ರಮಾಣಪತ್ರವೊಂದನ್ನು ಕೊಟ್ಟು ಕಳುಹಿಸಿದರು.

ಗಂಗಾವತಿಯಿಂದ, ಒಬ್ಬ ತಾಯಿ

ಒಂದು ಕಡೆ ಹೀಗಾಯಿತೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ನನ್ನ ಮಗಳೂ ಕನ್ನಡ ಮಾಧ್ಯಮದವಳೇ. ಧಾರವಾಡದ ಕಡೆ ಒಂದು ಸಣ್ಣ ಶಿಬಿರಕ್ಕೆ 16,000 ಕೊಟ್ಟು ಕಳುಹಿಸಿದೆ. ಮೇಲೆ ಯಾವ ತೆರಿಗೆಯನ್ನೂ ಕೇಳಲಿಲ್ಲ. ಮೊದಲ ವಾರ ಪ್ರತಿ ಸಂಜೆ ಫೋನಿನಲ್ಲಿ ಅಳುತ್ತಿದ್ದಳು, ಇಂಗ್ಲಿಷಿನಲ್ಲಿ ಹೇಳಿದ್ದು ತಲೆಗೆ ಹೋಗುತ್ತಿಲ್ಲವೆನ್ನುತ್ತಿದ್ದಳು. ನಮ್ಮ ಅತ್ತೆಯವರು ಕರೆದುಕೊಂಡು ಬಾ ಎಂದು ಹಟ ಹಿಡಿದರು. ನಾನು ಹೋಗಲಿಲ್ಲ. ಎರಡನೇ ವಾರದ ಹೊತ್ತಿಗೆ ರೆಸಿಸ್ಟರ್, ಕೆಪಾಸಿಟರ್ ಎಲ್ಲದರ ಹೆಸರನ್ನೂ ಕನ್ನಡ ಅಕ್ಷರದಲ್ಲಿ ಬರೆದು, ರೆಸಿಸ್ಟರಿನ ಬಣ್ಣದ ಪಟ್ಟಿ ನೋಡಿ ಅದರ ಮೌಲ್ಯ ಓದುವಂತಾಗಿದ್ದಳು.

ಅಲ್ಲಿ ಪ್ರತಿ ಮಗುವಿಗೂ ಒಂದು ಸೋಲ್ಡರಿಂಗ್ ಕಡ್ಡಿ ಕೊಟ್ಟಿದ್ದರು. ತುದಿಯನ್ನು ಬಿಡಿಭಾಗದ ತಂತಿಗಾಲಿಗೂ ತಾಮ್ರದ ಪಟ್ಟಿಗೂ ಒಟ್ಟಿಗೇ ತಾಗಿಸಿ ಎರಡನ್ನೂ ಕಾಯಿಸಿ, ಆಮೇಲೆ ಬೆಸುಗೆಯ ಸೀಸ ಮುಟ್ಟಿಸಬೇಕು. ಅದು ತಾನೇ ಹರಿದು ಸಣ್ಣ ಗೋಪುರದಂತೆ ಹೊಳೆಯುತ್ತ ನಿಂತರೆ ಬೆಸುಗೆ ಸರಿ, ಮಂಕಾಗಿ ಉಂಡೆಗಟ್ಟಿದರೆ ಡ್ರೈ ಸೋಲ್ಡರ್, ಇವತ್ತಲ್ಲ ನಾಳೆ ಬಿಟ್ಟುಕೊಳ್ಳುತ್ತದೆ ಎಂದು ಈಗ ಅವಳೇ ತಮ್ಮನಿಗೆ ಕಲಿಸುತ್ತಾಳೆ. ಬೆರಳು ಸುಟ್ಟುಕೊಂಡ ಗುರುತು ಇದೆ, ಇರಲಿ. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಡಿಪ್ಲೊಮಾ ಮಾಡುತ್ತೇನೆ, ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರುತ್ತೇನೆ ಎಂದು ತಾನೇ ನಿರ್ಧರಿಸಿದ್ದಾಳೆ. ನೆಂಟರಿಗೆ ಇದು ಹಿಡಿಸಿಲ್ಲ, ನನಗೆ ಹೆಮ್ಮೆಯಿದೆ.

ಬಳ್ಳಾರಿಯಿಂದ, ನೀರಾವರಿ ಇಲಾಖೆಯ ನಿವೃತ್ತ ಎಂಜಿನಿಯರ್

ಎಲ್‌ಇಡಿ ಮಿಣುಕಿಸುವುದಕ್ಕೂ ಬೆಸುಗೆ ಹಾಕುವುದಕ್ಕೂ ಊರು ಬಿಟ್ಟು ಹೋಗಬೇಕೇ? ಮೊಮ್ಮಗನನ್ನು ನಾನು ರಜೆಯಲ್ಲಿ ಇಲ್ಲಿಯೇ ಒಂದು ಮೋಟಾರ್ ವೈಂಡಿಂಗ್ ಅಂಗಡಿಗೆ ಬಿಟ್ಟೆ, ಒಂದು ರೂಪಾಯಿ ಖರ್ಚಿಲ್ಲ. ಸುಟ್ಟ ಸುರುಳಿಯನ್ನು ಕತ್ತರಿಸಿ ತೆಗೆದು, ಸುತ್ತುಗಳನ್ನು ಎಣಿಸಿ, ಅದೇ ಗೇಜಿನ, ಅಂದರೆ ಅದೇ ದಪ್ಪದ, ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ, ವಿದ್ಯುತ್ ಸೋರಿಕೆ ಪರೀಕ್ಷಿಸುವ ಮೆಗ್ಗರ್ ಇಟ್ಟು ನೋಡುವವರೆಗಿನ ಕೆಲಸ ಕಲಿತ.

ಅಲ್ಲದೆ ತುಂಗಭದ್ರಾ ಅಣೆಕಟ್ಟನ್ನು ಪಕ್ಕದಲ್ಲಿಟ್ಟುಕೊಂಡವರು ನಾವು. 2024ರ ಆಗಸ್ಟ್‌ನಲ್ಲಿ ಸರಪಳಿ ತುಂಡಾಗಿ ಅಣೆಕಟ್ಟಿನ ನೆತ್ತಿಯಲ್ಲಿ ನೀರು ಬಿಡುವ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ಆ ಒಂದು ಕಿಂಡಿಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು, ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಮುಚ್ಚಿದರು. ಮೂವತ್ಮೂರು ಗೇಟಿದ್ದರೂ ಒಂದು ಹೋದರೆ ಎಲ್ಲವನ್ನೂ ಏಕೆ ತೆರೆಯಬೇಕೆಂದು ಮಗುವಿಗೆ ವಿವರಿಸಿ ನೋಡಿ. ಅದಕ್ಕಿಂತ ದೊಡ್ಡ ಪಾಠವನ್ನು ಯಾವ ಶಿಬಿರದವರು ಕೊಡುತ್ತಾರೆ?

ಗಂಗಾವತಿಯಿಂದ, ಅದೇ ತಾಯಿ

ಹಿರಿಯರೇ, ತಮ್ಮ ಮಾತಿಗೆ ಗೌರವವಿದೆ, ಆದರೆ ತಮ್ಮದು ಮೊಮ್ಮಗ. ನನ್ನ ಮಗಳನ್ನು ಗಂಗಾವತಿಯ ಯಾವ ವೈಂಡಿಂಗ್ ಅಂಗಡಿಯವರು ಇಡೀ ದಿನ ಕೂರಿಸಿಕೊಂಡು ಕಲಿಸುತ್ತಾರೆ? ಕೇಳಲು ಹೋದಾಗ, ಹುಡುಗಿಗೆ ಇದೆಲ್ಲ ಯಾಕಮ್ಮ ಎಂದು ನನಗೇ ಬುದ್ಧಿ ಹೇಳಿ ಕಳುಹಿಸಿದರು. ಶಿಬಿರದಲ್ಲಿ ಮಹಿಳಾ ವಾರ್ಡನ್ ಇದ್ದರು, ಮಹಡಿ ಪ್ರತ್ಯೇಕವಾಗಿತ್ತು, ಬಾಗಿಲಿಗೆ ಒಳಚಿಲಕವಿತ್ತು. ನಾನು ಹದಿನಾರು ಸಾವಿರ ಕೊಟ್ಟದ್ದು ಅದಕ್ಕೂ ಸೇರಿ. ಊರಲ್ಲೇ ಕಲಿಯಬಹುದೆನ್ನುವವರು ಊರು ಯಾರಿಗೆ ಕಲಿಸುತ್ತದೆ ಎಂಬುದನ್ನೂ ಹೇಳಬೇಕು.

ಬಳ್ಳಾರಿಯಿಂದ, ಅದೇ ನಿವೃತ್ತ ಎಂಜಿನಿಯರ್

ತಾಯಿ, ಅಂಗಡಿಯವರು ಕಲಿಸದಿದ್ದರೆ ಅದು ಅವರ ತಪ್ಪು. ಕೆಲಸದ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ. ನಾನು ಹೆಣ್ಣುಮಕ್ಕಳು ಬೇಡವೆಂದು ಎಲ್ಲಿಯೂ ಬರೆದಿಲ್ಲ. ಬರೆಯದ ಮಾತನ್ನು ನನ್ನ ತಲೆಗೆ ಕಟ್ಟಬೇಡಿ.

ಶಕ್ತಿನಗರದಿಂದ, ಅದೇ ಉದ್ಯೋಗಿ

ಗಂಗಾವತಿಯ ಅಕ್ಕನವರೇ, ತೆರಿಗೆ ಕೇಳಲಿಲ್ಲವೆಂದು ಸಂತೋಷದಿಂದ ಬರೆದಿದ್ದೀರಿ. ಅಂದರೆ ಬಿಲ್ ಕೊಟ್ಟಿಲ್ಲವೆಂದು ಅರ್ಥ. ನಾಳೆ ಹೆಚ್ಚುಕಮ್ಮಿಯಾದರೆ ಏನು ಹಿಡಿದುಕೊಂಡು ಕೇಳುತ್ತೀರಿ?

ರಾಯಚೂರಿನಿಂದ, ತೆರಿಗೆ ಲೆಕ್ಕ ಬರೆಯುವವರು

ಶಕ್ತಿನಗರದ ಅಣ್ಣನವರೇ, ಹಾಗೆ ಆರೋಪಿಸಬೇಡಿ. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ; ನೋಂದಣಿ ಇಲ್ಲದವರು ತೆರಿಗೆ ವಸೂಲಿ ಮಾಡುವಂತೆಯೂ ಇಲ್ಲ. ಸಣ್ಣ ಶಿಬಿರದವರು ಸಾದಾ ರಸೀದಿ ಕೊಟ್ಟರೆ ಅದು ನ್ಯಾಯವೇ. ನೀವು ನೋಡಬೇಕಾದದ್ದು ನಿಮ್ಮ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇದೆಯೇ ಎಂಬುದನ್ನು.

ಗಂಗಾವತಿಯಿಂದ, ಅದೇ ತಾಯಿ

ರಸೀದಿ ನನ್ನ ಬಳಿ ಭದ್ರವಾಗಿದೆ. ಲೆಕ್ಕ ಬರೆದಿಡುವುದು ಒಬ್ಬರಿಗೇ ಗೊತ್ತಿರುವ ವಿದ್ಯೆಯಲ್ಲ.

ಕುಷ್ಟಗಿ ತಾಲ್ಲೂಕಿನಿಂದ, ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ

ಇಷ್ಟೆಲ್ಲ ಹಣದ ಮಾತಿನಲ್ಲಿ ಉಚಿತವಾದದ್ದನ್ನು ಯಾರೂ ಹೇಳಲಿಲ್ಲ. ಇಸ್ರೋ 2019ರಲ್ಲಿ ಆರಂಭಿಸಿದ ಯುವಿಕಾ ಎಂಬ ಬೇಸಿಗೆಯ ವಸತಿ ಕಾರ್ಯಕ್ರಮದಲ್ಲಿ ಪ್ರಯಾಣ, ಊಟ, ವಸತಿಯ ಖರ್ಚನ್ನೆಲ್ಲ ಅವರೇ ನೋಡಿಕೊಳ್ಳುತ್ತಾರೆ, ಗ್ರಾಮೀಣ ಶಾಲೆಯ ಮಕ್ಕಳಿಗೆ ಆಯ್ಕೆಯಲ್ಲಿ ಹೆಚ್ಚಿನ ಅಂಕವಿದೆ. ಆದರೆ ಅದು ಒಂಬತ್ತನೇ ತರಗತಿಯಲ್ಲಿ ಓದುತ್ತಿರುವವರಿಗೆ. ಅರ್ಜಿ ತರಗತಿ ಮುಗಿಯುವ ಮೊದಲೇ ಹಾಕಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳು ಎಂಟನೇ ತರಗತಿಯ ಅಂಕಗಳಿಂದ ಹಿಡಿದು ವಿಜ್ಞಾನ ಮೇಳದ ಪ್ರಮಾಣಪತ್ರದವರೆಗೆ ಎಲ್ಲವನ್ನೂ ಜೋಡಿಸಿಟ್ಟಿದ್ದಳು. ದೃಢೀಕರಣದ ಸಹಿಗಾಗಿ ಕಾಯುವುದರಲ್ಲಿಯೇ ಕೊನೆಯ ದಿನಾಂಕ ಕಳೆದುಹೋಯಿತು. ಆ ಸಂಕಟ ನನಗೆ ಇನ್ನೂ ಆರಿಲ್ಲ. ಚಿಕ್ಕ ಮಕ್ಕಳಿರುವವರು ಎಂಟನೇ ತರಗತಿಯಿಂದಲೇ ಕಾಗದಪತ್ರ ಸಿದ್ಧಮಾಡಿಕೊಳ್ಳಿ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಮಗುವಿನ ಕಲ್ಪನೆ ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ, ಅದನ್ನೂ ಶಾಲೆಯಲ್ಲಿ ವಿಚಾರಿಸಿ.

ಸಿಂಧನೂರಿನ ತಂದೆ

ಎಲ್ಲರಿಗೂ ಕೃತಜ್ಞತೆಗಳು. ಯುವಿಕಾ ನಮ್ಮ ಕೈತಪ್ಪಿದೆ ಎಂದು ತಿಳಿದು ಬೇಸರವಾಯಿತು. ಇದನ್ನೆಲ್ಲ ಓದಿದ ಮೇಲೆ ಬೆಂಗಳೂರಿನವರಿಗೆ ಫೋನ್ ಮಾಡಿದೆ. ಸೋಲ್ಡರಿಂಗ್ ಕಡ್ಡಿ ಐದು ಮಕ್ಕಳಿಗೆ ಒಂದಂತೆ, ಕಿಟ್ ಹಿಂದಿರುಗಿಸಬೇಕಂತೆ, ತೆರಿಗೆ ಪ್ರತ್ಯೇಕವಂತೆ. ಡ್ರೋನನ್ನು ಮಕ್ಕಳೇ ಜೋಡಿಸುತ್ತಾರೆಯೇ ಎಂದರೆ, ಹಾರಿಸಿ ತೋರಿಸುತ್ತೇವೆ ಎಂದರು. ಹಣ ಕಟ್ಟಿಲ್ಲ. ಗಂಗಾವತಿಯ ಅಕ್ಕನವರೇ, ಧಾರವಾಡದ ಆ ಶಿಬಿರಕ್ಕೆ ಈ ವರ್ಷ ಇನ್ನೂ ಸೇರಿಸಿಕೊಳ್ಳುತ್ತಿದ್ದಾರೆಯೇ?

ಗಂಗಾವತಿಯಿಂದ, ಅದೇ ತಾಯಿ

ಕೇಳಿ ತಿಳಿಸುತ್ತೇನೆ. ಮಗಳನ್ನು ಕರೆದುಕೊಂಡು ಒಮ್ಮೆ ನಮ್ಮ ಮನೆಗೇ ಬನ್ನಿ, ಇಬ್ಬರೂ ಮಾತಾಡಿಕೊಳ್ಳಲಿ. ಅವಳು ಬರೆದುಕೊಂಡ ನೋಟು ಪುಸ್ತಕ ಇನ್ನೂ ಇದೆ, ಬೇಕಿದ್ದರೆ ನಕಲು ಮಾಡಿಸಿಕೊಳ್ಳಬಹುದು.