ಪದಚರ್ಚೆ: ‘ಹೃದಯದ ಕೊಬ್ಬು’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರುಗಟ್ಟುವ ತೊಂದರೆ) ಇರುವವರಿಗಾಗಿ ಒಂದು ಮಾಹಿತಿ ಬರಹ ಸಿದ್ಧಮಾಡುತ್ತಿದ್ದೇನೆ. ಅದರಲ್ಲಿ ‘ಎಪಿಕಾರ್ಡಿಯಲ್ ಫ್ಯಾಟ್’ ಮತ್ತೆ ಮತ್ತೆ ಬರುತ್ತದೆ. ಕನ್ನಡದಲ್ಲಿ ಇದನ್ನು ಏನನ್ನೋಣ?

‘ಹೃದಯದ ಕೊಬ್ಬು’ ಸಾಕಲ್ವಾ ಅನ್ನಿಸಬಹುದು. ಸಾಲದು. ‘ಹಾರ್ಟಲ್ಲಿ ಕೊಬ್ಬು ಕಟ್ಟಿದೆಯಂತೆ’ ಅಂದಾಗ ಜನರ ಮನಸ್ಸಿಗೆ ಬರುವುದು ರಕ್ತನಾಳದೊಳಗಿನ ಬ್ಲಾಕ್. ಇದು ಬೇರೆಯದೇ. ಇದು ಹೃದಯದ ಹೊರಮೈಯಲ್ಲಿ, ಸ್ನಾಯುವಿಗೂ ಅದನ್ನು ಸುತ್ತಿದ ಪೊರೆಗೂ ನಡುವೆ ಇರುತ್ತದೆ. ಎಲ್ಲರಲ್ಲೂ ಒಂದಿಷ್ಟು ಇದ್ದೇ ಇರುತ್ತದೆ. ಜಾಸ್ತಿಯಾದರೆ ತೊಂದರೆ. ಕೊಬ್ಬನ್ನೂ ಸ್ನಾಯುವನ್ನೂ ಬೇರೆ ಮಾಡುವ ಪದರ ಅಲ್ಲಿಲ್ಲ. ಹಾಗಾಗಿ ಉರಿಯೂತ ಹುಟ್ಟಿಸುವ ವಸ್ತುಗಳು ನೇರವಾಗಿ ಸ್ನಾಯುವಿಗೆ ಇಳಿಯುತ್ತವೆ. ಕೊಬ್ಬಿನ ಜೀವಕೋಶಗಳು ಸ್ನಾಯುವಿನ ಎಳೆಗಳ ನಡುವೆ ನುಗ್ಗುವುದೂ ಉಂಟು. ಹೃದಯದ ಮೇಲಿನ ಕೋಣೆಗಳಲ್ಲಿ ಹೀಗಾದರೆ ವಿದ್ಯುತ್ ಸಂಕೇತ ಸಲೀಸಾಗಿ ಹರಿಯುವುದಿಲ್ಲ. ಬಡಿತದ ಲಯ ಕೆಡುವುದಕ್ಕೆ ಅದೂ ಒಂದು ದಾರಿ.

‘ಹೃದಯದ ಸುತ್ತಲಿನ ಕೊಬ್ಬು’ ಕೂಡ ನನಗೆ ಒಪ್ಪಿಗೆಯಿಲ್ಲ. ಪೊರೆಯ ಹೊರಗೆ ಇನ್ನೊಂದು ಕೊಬ್ಬಿದೆ, ಈ ಹೆಸರಿಟ್ಟರೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ‘ನೆಣ’ ಒಳ್ಳೆಯ ಪದ, ಆದರೆ ಈಗ ಅದು ಮಾಂಸದ ಮಾತಿನಲ್ಲೇ ಹೆಚ್ಚು ಕೇಳಿಸುತ್ತದೆ. ಸದ್ಯಕ್ಕೆ ನನ್ನ ಒಲವು ‘ಹೃದಯಕ್ಕೆ ಅಂಟಿದ ಕೊಬ್ಬು’ ಕಡೆಗೆ. ಉದ್ದವಾದರೂ ಜಾಗ ಎಲ್ಲಿ ಅಂತ ಹೇಳುತ್ತದೆ.

ಎರಡನೆಯ ಪದ ‘ಏಟ್ರಿಯಲ್ ಫಿಬ್ರಿಲೇಶನ್’, ಅಂದರೆ ಹೃದಯದ ಮೇಲಿನ ಕೋಣೆಗಳಲ್ಲಿ ಬಡಿತದ ಲಯ ಕೆಡುವ ತೊಂದರೆ. ಪಠ್ಯದ ಕನ್ನಡದಲ್ಲಿ ‘ಹೃತ್ಕರ್ಣ ಕಂಪನ’ ಆಗುತ್ತದೆ. ತಪ್ಪಿಲ್ಲ, ಆದರೆ ರೋಗಿಗೆ ಏನೂ ತಿಳಿಯುವುದಿಲ್ಲ. ‘ಎದೆ ಢವಢವ’ ಇನ್ನೂ ಅಪಾಯ. ಓಡಿ ಬಂದರೂ ಹೆದರಿದರೂ ಎದೆ ಢವಗುಟ್ಟುತ್ತದೆ, ಆದರೆ ಬಡಿತಗಳ ನಡುವಿನ ಅಂತರ ಹೆಚ್ಚುಕಡಿಮೆ ಒಂದೇ ಇರುತ್ತದೆ. ಇಲ್ಲಿ ಮೇಲಿನ ಕೋಣೆಗಳು ನಿಮಿಷಕ್ಕೆ 300ಕ್ಕೂ ಹೆಚ್ಚು ಸಲ ಅದುರುತ್ತವೆ, ಸರಿಯಾಗಿ ಹಿಂಡುವುದೇ ಇಲ್ಲ. ನಾಡಿ ಹಿಡಿದರೆ ಒಂದು ಬಡಿತ ಬೇಗ, ಮುಂದಿನದು ತಡ, ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಕೆಲವರಿಗೆ ಏನೂ ಅನ್ನಿಸುವುದೇ ಇಲ್ಲ. ಆದರೂ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗುವ ಅಪಾಯ ಇದ್ದೇ ಇರುತ್ತದೆ. ಅದಕ್ಕೇ ‘ಢವಢವ ಇಲ್ಲ, ನನಗೇನೂ ಆಗಿಲ್ಲ’ ಅಂತ ಓದುಗರು ಸುಮ್ನೆ ಇದ್ದುಬಿಡಬಾರದು. ‘ತಾಳ ತಪ್ಪಿದ ಬಡಿತ’ ಹೇಗೆ?

ಆಪ್ನಿಯಾಕ್ಕೆ ‘ನಿದ್ದೆಯಲ್ಲಿ ಉಸಿರುಗಟ್ಟುವುದು’ ಅಂತಲೇ ಇಟ್ಟುಕೊಂಡಿದ್ದೇನೆ. ‘ಉಸಿರು ನಿಲ್ಲುವುದು’ ಅಂದರೆ ಎಲ್ಲ ತಣ್ಣಗಾದ ಹಾಗೆ ಕೇಳಿಸುತ್ತದೆ. ಗಂಟಲು ಮುಚ್ಚಿಕೊಳ್ಳುವ ಬಗೆಯಲ್ಲಿ ಹಾಗಾಗುವುದಿಲ್ಲ. 10 ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು, ಎದೆ ಗಾಳಿಗಾಗಿ ಎಳೆದಾಡುತ್ತಲೇ ಇರುತ್ತದೆ. ಆ ಎಳೆತಕ್ಕೆ ಮೇಲಿನ ಕೋಣೆಗಳ ತೆಳು ಗೋಡೆ ಹಿಗ್ಗುತ್ತದೆ, ಜೊತೆಗೆ ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ.

ವೈದ್ಯರು, ನರ್ಸ್‌ಗಳು ಇಲ್ಲಿದ್ದರೆ ದಯವಿಟ್ಟು ಹೇಳಿ: ರೋಗಿಗಳ ಜೊತೆ ಮಾತಾಡುವಾಗ ಈ ಕೊಬ್ಬಿಗೆ ನೀವು ಏನನ್ನುತ್ತೀರಿ?