ಈ ವಾರದ ಸಮಸ್ಯೆ: ನೀರಿಲ್ಲದ ಕಡಲು

ಭಾಮಿನಿ ಷಟ್ಪದಿ, ಕೊನೆಯ ಸಾಲು ಕೊಟ್ಟಿದೆ, ಮೇಲಿನ ಐದು ನೀವು ಕಟ್ಟಬೇಕು:
*ನೀರ ಹನಿಯೇ ಇರದ ಕಡಲಲಿ ತೆರೆಗಳೇಳುವುವು*

ಸಂಚಾಲಕ, ಉಡುಪಿ: ಅಗಸ್ತ್ಯರು ಕಡಲು ಕುಡಿದ ಕಥೆ ಬೇಡ, ಅದು ಸುಲಭದ ದಾರಿ. ಭೌತಶಾಸ್ತ್ರದಲ್ಲೇ ಬಿಡಿಸಿ. ಜಗತ್ತಿಗೆ ತಳಪಾಯ ವಸ್ತುವೋ, ನಿಯಮವೋ? ಮೊದಲಕ್ಷರ ಗುರು, ಪ್ರಾಸ ‘ರ’ಕಾರ.

ಮಣಿಪಾಲದ ಮೇಷ್ಟ್ರು:
ಊರು ಬೆಳಗುವ ಸೂರ್ಯ ಕಿರಣವು
ಏರಿ ಬರಲಿಕೆ ತೇರು ಬೇಡವೆ
ದಾರಿಯುದ್ದಕು ಹುಡುಕಿದವರಿಗೆ ಬಯಲೆ ದೊರಕಿತಲಾ
ಭಾರವಿಲ್ಲದ ಬೆಳಕು ಬಂದಿತು
ಯಾರ ಹೆಗಲನು ಹತ್ತಲಿಲ್ಲವು
ನೀರ ಹನಿಯೇ ಇರದ ಕಡಲಲಿ ತೆರೆಗಳೇಳುವುವು

ಬೆಳಕಿನ ಅಲೆಗೂ ಈಥರ್ ಅನ್ನುವ ಒಂದು ಕಡಲು ಬೇಕು ಅಂತ ಹಿಂದೆ ನಂಬಿದ್ದರು. 1887ರಲ್ಲಿ ಮೈಕೆಲ್ಸನ್ ಮತ್ತು ಮೋರ್ಲೆ, ಭೂಮಿ ಅದರೊಳಗೆ ಓಡುವ ಗುರುತಿಗಾಗಿ ಹುಡುಕಿದರು. ಸಿಗಲಿಲ್ಲ. ಕೊನೆಗೆ ಈಥರನ್ನೇ ಕೈಬಿಟ್ಟರು. ಆದರೆ ಈಥರನ್ನು ನಂಬಿಕೊಂಡೇ ಮ್ಯಾಕ್ಸ್‌ವೆಲ್ 1865ರಲ್ಲಿ ಪ್ರಕಟಿಸಿದ, ಬೆಳಕನ್ನು ವಿದ್ಯುತ್ಕಾಂತೀಯ ಅಲೆಯೆಂದು ವಿವರಿಸುವ ಸಮೀಕರಣಗಳಿಗೆ ಏನೂ ಆಗಲಿಲ್ಲ. ವಸ್ತು ಹೋದರೂ ನಿಯಮ ನಿಂತಿತು, ಅಲ್ವಾ?

ಸಂಚಾಲಕ: ‘ಬಯಲೆ ದೊರಕಿತಲಾ’ ಲಾಯ್ಕಾಗಿದೆ. ‘ಹತ್ತಲಿಲ್ಲವು’ ಅನ್ನುವಲ್ಲಿ ಆ ‘ವು’ ಸುಮ್ನೆ ಮಾತ್ರೆ ತುಂಬಿಸಲಿಕ್ಕೆ ಬಂದದ್ದು.

ಮಲ್ಪೆಯವರು: ಮೇಷ್ಟ್ರೇ, ನಾನು ಒಪ್ಪುವುದಿಲ್ಲ.

ಬಾರಿ ಬಾರಿಗು ಉಬ್ಬಿ ಇಳಿಯಲು
ನೀರು ಬೇಕೈ ಚಂದ್ರ ಬೇಕೈ
ಯಾರ ಕಾಲನು ತೋಯಿಸೀತೈ ಬರಿಯ ಸೂತ್ರಗಳು
ಭಾರಿ ಲೆಕ್ಕವ ಬರೆದ ಹಾಳೆಯ
ನೇರ ಗೆರೆಗಳ ನಡುವೆ ಮಾತ್ರವೆ
ನೀರ ಹನಿಯೇ ಇರದ ಕಡಲಲಿ ತೆರೆಗಳೇಳುವುವು

ನಮ್ಮ ಬಂದರಿನಲ್ಲಿ ದಿನಕ್ಕೆರಡು ಸಲ ನೀರೇರುತ್ತದೆ, ಕಟ್ಟಿದ ದೋಣಿಯ ಹಗ್ಗ ಬಿಗಿಯುತ್ತದೆ. ಚಂದ್ರನೂ ನೀರೂ ನಡೆದುಕೊಳ್ಳುವ ರೀತಿಯನ್ನು ನಾವು ಬರೆದಿಟ್ಟರೆ ಅದು ನಿಯಮ. ಅವೆರಡೂ ಇಲ್ಲದಿದ್ದರೆ ಯಾವುದರ ನಿಯಮ?

ಸಂಚಾಲಕ: ಭೇಷ್! ಸಮಸ್ಯೆಯ ಸಾಲನ್ನು ಎತ್ತಿ ಹಾಳೆಯ ಮೇಲೆ ಕೂರಿಸಿಬಿಟ್ಟಿರಿ. ತಾಳಮದ್ದಳೆಯಲ್ಲಿ ಎದುರಾಳಿಯ ಮಾತನ್ನೇ ಹಿಡಿದು ಅವನ ಬಾಯಿ ಮುಚ್ಚಿಸುತ್ತಾರಲ್ಲ, ಹಾಗೆ. ‘ಬಾರಿಗು ಉಬ್ಬಿ’ಯಲ್ಲಿ ಸಂಧಿ ಬಿಟ್ಟದ್ದಕ್ಕೆ ಮಾಫಿ.

ಮಂಗಳೂರಿನವರು: ವಸ್ತು ಅಂದರೆ ಗಟ್ಟಿ ಪದಾರ್ಥ ಅಂದುಕೊಂಡರೆ ಕಷ್ಟ. ಪ್ರೋಟಾನಿನೊಳಗಿನ ಮೂಲಕಣಗಳಾದ ಮೂರು ಕ್ವಾರ್ಕ್‌ಗಳ ದ್ರವ್ಯರಾಶಿ ಕೂಡಿಸಿದರೆ ಇಡೀ ಪ್ರೋಟಾನಿನದರ ಸುಮಾರು 1% ಮಾತ್ರ. ಉಳಿದದ್ದರಲ್ಲಿ ಜಾಸ್ತಿ ಪಾಲು ಅವುಗಳ ಓಡಾಟದ ಶಕ್ತಿ, ಅವನ್ನು ಬಿಗಿದಿಟ್ಟ ಗ್ಲುವಾನ್ ಕ್ಷೇತ್ರದ ಶಕ್ತಿ. ಎರಡೇ ಸಾಲು ಆಗಿದೆ:

ಭಾರವೆಲ್ಲಿದೆ ಕಣದ ಒಳಗಡೆ
ಸಾರವೆಲ್ಲವು ಕುಣಿತದೊಳಗಿದೆ

ಮೂರನೆಯದಕ್ಕೆ ಯಾರಾದರೂ ಕೈ ಹಾಕಿ.

ಮಲ್ಪೆಯವರು: ಕುಣಿಯುವುದು ಯಾರು ಅಂತ ಮೊದಲು ಹೇಳಿ ಮಾರಾಯ್ರೆ, ಮೂರನೇ ಸಾಲು ನಾನೇ ಕಟ್ಟುತ್ತೇನೆ.