ಟಾಕ್‌ಬ್ಯಾಕ್ ನಮ್ಮ ಸೈಟಿನ ಕನ್ನಡ ಓದ್ತಿಲ್ಲ, ಬರೀ ಎ ಬಿ ಸಿ ಡಿ ಹೇಳ್ತಿದೆ, ಗೊತ್ತಿದ್ದೋರು ದಯವಿಟ್ಟು ಹೇಳಿ

ಮಂಡಗದ್ದೆ_ಹಕ್ಕಿ

ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ರ ನಮ್ಮೂರಿನ ಅಡಿಕೆ ಬೆಳೆಗಾರರ ಸಂಘಕ್ಕೆ ಒಂದು ಚಿಕ್ಕ ವೆಬ್‌ಸೈಟ್ ಇದೆ, ನಾನೇ ನೋಡ್ಕೊಳ್ಳೋದು. ದಿನದ ರೇಟು, ಔಷಧಿ ಹೊಡೆಯೋ ಸೂಚನೆ, ಮೀಟಿಂಗ್ ನೋಟೀಸು, ಇಷ್ಟೇ ಅದ್ರಲ್ಲಿರೋದು.

ನಮ್ಮ ದೊಡ್ಡಪ್ಪಂಗೆ ಗ್ಲಾಕೋಮಾ ಆಗಿ ಮೂರು ವರ್ಷದಿಂದ ಕಣ್ಣು ಕಾಣಲ್ಲ, ಆದ್ರೂ ತೋಟದ ಲೆಕ್ಕ ಎಲ್ಲಾ ಇವತ್ತಿಗೂ ಅವ್ರದ್ದೇ. ಮೊಬೈಲಲ್ಲಿ ಟಾಕ್‌ಬ್ಯಾಕ್ (ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್) ಹಾಕ್ಕೊಂಡು ವಾಟ್ಸಾಪ್, ಪೇಪರ್ ಸುದ್ದಿ ಎಲ್ಲಾ ಕೇಳ್ತಾರೆ. ಮೊನ್ನೆ ಮಳೆ ಸ್ವಲ್ಪ ಹೊಳವಾಗಿತ್ತು, ಜಗಲಿ ಮೇಲೆ ಕೂತು ನಮ್ಮ ಸೈಟ್ ತೆಗೆದ್ರು, ಅದು "ಸಿ ಆರ್ ಪಿ" ಅಂತ ಎಂತೆಂತದೋ ಇಂಗ್ಲಿಷ್ ಅಕ್ಷರ ಹೇಳ್ತಾನೇ ಹೋಯ್ತು. ಎರಡು ನಿಮಿಷ ಸುಮ್ನೆ ಕೇಳಿ "ಎಂತದೇ ಇದು, ಯಾವ ಭಾಷೇಲಿ ಬರ್ದಿದೀಯ" ಅಂದ್ರು. ನಂಗೆ ತುಂಬಾ ಬೇಜಾರಾಯ್ತು, ಮನೆಯವ್ರಿಗೇ ಓದಕ್ಕಾಗದ ಸೈಟ್ ಇಟ್ಕೊಂಡು ಊರಿಗೆಲ್ಲ ಲಿಂಕ್ ಕಳಿಸ್ತಿದ್ನಲ್ಲ ಅಂತ.

ಟಾಕ್‌ಬ್ಯಾಕ್ ಅಪ್‌ಡೇಟ್ ಮಾಡ್ದೆ, ಗೂಗಲ್ ಸ್ಪೀಚಲ್ಲಿ ಕನ್ನಡ ಧ್ವನಿ ಇಳಿಸ್ಕೊಂಡೆ. ಕನ್ನಡ ವಿಕಿಪೀಡಿಯ ಚೆನ್ನಾಗಿ ಓದತ್ತೆ, ನಮ್ಮದು ಮಾತ್ರ ಇಲ್ಲ. ಸ್ಕ್ರೀನಲ್ಲಿ ನೋಡಿದ್ರೆ ಅಕ್ಷರ ಎಲ್ಲಾ ಸರಿಯಾಗೇ ಇದೆ.

ಆಗುಂಬೆ_ಮಳೆ

ಅಕ್ಕ, ಪೇಜಿನ ಎಚ್‌ಟಿಎಂಎಲ್ ಟ್ಯಾಗಲ್ಲಿ ಭಾಷೆ ಯಾವ್ದು ಅಂತ ಹೇಳೋ ಲ್ಯಾಂಗ್ ಅಂತ ಇರತ್ತೆ, ಅದು ಇಂಗ್ಲಿಷ್‌ಗೆ ಇದ್ಯಾ ನೋಡಿ, ರೆಡಿ ಟೆಂಪ್ಲೇಟಲ್ಲಿ ಹಾಗೇ ಬಂದಿರತ್ತೆ. ಕನ್ನಡದ ಕೋಡು ಕೆಎನ್, ಅದನ್ನ ಹಾಕಿ. ಇನ್ನೊಂದು, ಮೂಲೇಲಿ ಗಾಲಿಕುರ್ಚಿ ಚಿತ್ರ ಬರೋ ಪ್ಲಗಿನ್ ಸಿಗತ್ತಲ್ಲ, ಅದನ್ನೂ ಹಾಕಿ ನೋಡಿ.

ಮಂಡಗದ್ದೆ_ಹಕ್ಕಿ

ಎರಡೂ ಮಾಡ್ದೆ. ಪ್ಲಗಿನ್ನಿಂದ ಅಕ್ಷರ ದೊಡ್ಡದಾಗತ್ತೆ, ಬಣ್ಣ ಬದ್ಲಾಗತ್ತೆ, ಅಷ್ಟೇ. ಲ್ಯಾಂಗ್ ಇಂಗ್ಲಿಷ್‌ಗೇ ಇತ್ತು, ಬದಲಾಯಿಸ್ದೆ, ಆದ್ರೆ ಈಗ್ಲೂ ಅದೇ ಸಿ ಆರ್ ಪಿ.

ಡಿಟಿಪಿ_ದುರ್ಗಿಗುಡಿ

ತಂಗಿ, ಒಂದು ಕೆಲ್ಸ ಮಾಡು. ನಿನ್ನ ಸೈಟಿಂದ "ಅಡಿಕೆ" ಅನ್ನೋ ಪದ ಕಾಪಿ ಮಾಡಿ ವಾಟ್ಸಾಪಲ್ಲಿ ಪೇಸ್ಟ್ ಮಾಡು, ಎಂತ ಕಾಣತ್ತೆ ಹೇಳು.

ಮಂಡಗದ್ದೆ_ಹಕ್ಕಿ

ದೊಡ್ಡ ಸಿ, ಚಿಕ್ಕ ಆರ್, ದೊಡ್ಡ ಪಿ, ಆಮೇಲೆ ತಲೆ ಮೇಲೆ ಗೀಟಿರೋ ಇ! ಅಯ್ಯೋ, ಟಾಕ್‌ಬ್ಯಾಕ್ ಹೇಳ್ತಿದ್ದಿದ್ದೂ ಇದೇ.

ಡಿಟಿಪಿ_ದುರ್ಗಿಗುಡಿ

ಅನ್ಕೊಂಡಿದ್ದೆ. ಇದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟ್, ಬಹುಶಃ ನುಡಿ 01 ಇ. ನಾನು ಇಪ್ಪತ್ತು ವರ್ಷ ಲಗ್ನಪತ್ರಿಕೆ, ಕರಪತ್ರ ಎಲ್ಲಾ ಇದ್ರಲ್ಲೇ ಮಾಡಿದವ್ನು, ಪ್ರಿಂಟಿಗೆ ಏನೂ ತೊಂದ್ರೆ ಇಲ್ಲ. ಆದ್ರೆ ಫೈಲಿನ ಒಳಗೆ ಇರೋದು ಇಂಗ್ಲಿಷ್ ಅಕ್ಷರಾನೇ, ಫಾಂಟು ಅದಕ್ಕೆ ಕನ್ನಡದ ವೇಷ ಕಟ್ಟಿರತ್ತೆ. ನಾವೆಲ್ಲ ಯಕ್ಷಗಾನದ ರಂಗಸ್ಥಳದ ಮುಂದೆ ಕೂತು ವೇಷ ನೋಡ್ತೀವಿ, ಸ್ಕ್ರೀನ್ ರೀಡರ್ ಚೌಕಿ (ವೇಷ ಕಟ್ಟೋ ಕೋಣೆ) ಒಳಗೆ ಕೂತಿರತ್ತೆ, ಅದಕ್ಕೆ ವೇಷ ಕಾಣಲ್ಲ. ಗೂಗಲಿಗೂ ಕಾಣಲ್ಲ, ಹಾಗಾಗಿ ಯಾರಾದ್ರೂ ಅಡಿಕೆ ಅಂತ ಹುಡುಕಿದ್ರೆ ನಿಮ್ಮ ಪೇಜು ಸಿಕ್ಕಿರಲಿಕ್ಕಿಲ್ಲ. ಸಂಘದವ್ರು ಯಾರೋ ನುಡಿಲಿ ಟೈಪ್ ಮಾಡಿದ್ದನ್ನ ಹಾಗೇ ತಂದು ಹಾಕಿ ಫಾಂಟನ್ನೂ ಸೈಟಿಗೆ ಸೇರಿಸಿದಾರೆ, ಅದಕ್ಕೇ ಎಲ್ರ ಮೊಬೈಲಲ್ಲೂ ಚೆಂದ ಕಾಣ್ತಿತ್ತು. ಎಲ್ಲಾನೂ ಯೂನಿಕೋಡಿಗೆ (ಕನ್ನಡ ಅಕ್ಷರಕ್ಕೇ ಅದರದ್ದೇ ಕೋಡ್ ಇರೋ ವ್ಯವಸ್ಥೆ) ತಿರುಗಿಸ್ಬೇಕು, ಬೇರೆ ದಾರಿ ಇಲ್ಲ.

ಆಗುಂಬೆ_ಮಳೆ

ಅಷ್ಟೆಲ್ಲ ಯಾಕಣ್ಣ, ಒಂದೊಂದು ಪ್ಯಾರಾಕ್ಕೂ ಏರಿಯಾ ಲೇಬಲಲ್ಲಿ (ಸ್ಕ್ರೀನ್ ರೀಡರ್ ಮಾತ್ರ ಓದೋ ಹೆಸ್ರು) ಯೂನಿಕೋಡ್ ಕನ್ನಡ ಹಾಕಿಬಿಟ್ರೆ ಅದನ್ನೇ ಓದಲ್ವಾ?

ಕೇಳಿ_ಓದುವವ

ನಾನು ಸಾಗರದವ್ನು, ಹುಟ್ಟಿಂದ ಕಣ್ಣು ಕಾಣಲ್ಲ, ಕಂಪ್ಯೂಟರಲ್ಲಿ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್, ಮೊಬೈಲಲ್ಲಿ ಟಾಕ್‌ಬ್ಯಾಕ್ ಬಳಸ್ತೀನಿ. ಹಾಗೆ ಮಾಡ್ಬೇಡಿ ಮಾರಾಯ್ರೆ. ಸಾದಾ ಪ್ಯಾರಾಗ್ರಾಫಿಗೆ ಏರಿಯಾ ಲೇಬಲ್ ಹಾಕಬಾರ್ದು ಅಂತ ಏರಿಯಾ ನಿಯಮದಲ್ಲೇ ಇದೆ, ಕೆಲವು ಕಡೆ ಓದತ್ತೆ ಕೆಲವು ಕಡೆ ಓದಲ್ಲ. ಓದಿದ್ರೂ ನಾನು ಒಂದು ಸಾಲು ಕಾಪಿ ಮಾಡಿ ಇನ್ನೊಬ್ರಿಗೆ ಕಳಿಸಿದ್ರೆ ಹೋಗೋದು ಅದೇ ಸಿ ಆರ್ ಪಿ. ನೀವು ಓದೋದೂ ನಾನು ಕೇಳೋದೂ ಒಂದೇ ಪಠ್ಯ ಆಗಿರ್ಬೇಕು. ದುರ್ಗಿಗುಡಿಯವ್ರು ಹೇಳಿದ್ದೇ ಸರಿ.

ಡಿಟಿಪಿ_ದುರ್ಗಿಗುಡಿ

ನುಡಿ ಜೊತೆಗೇ ಕನ್ವರ್ಟರ್ ಬರತ್ತೆ, ಬರಹ ಅನ್ನೋ ಸಾಫ್ಟ್‌ವೇರಲ್ಲೂ ಇದೆ. ಆದ್ರೆ ಕಣ್ಣುಮುಚ್ಚಿ ಇಡೀ ಫೈಲ್ ಹಾಕ್ಬೇಡ. ಮಧ್ಯ ನಿಜವಾದ ಇಂಗ್ಲಿಷ್ ಪದ ಇದ್ರೆ ಅದನ್ನೂ ಕನ್ನಡ ಅಂತ ತಿಳ್ಕೊಂಡು ಕಲಸಿಬಿಡತ್ತೆ, ಈಮೇಲ್ ವಿಳಾಸ, ಔಷಧಿ ಹೆಸ್ರು ಎಲ್ಲಾ ಹೋಗತ್ತೆ. ಅಂಥದ್ದನ್ನ ಮೊದ್ಲೇ ಬೇರೆ ತೆಗೆದಿಟ್ಕೊ. ಆಮೇಲೆ ಸಿಎಸ್‌ಎಸ್‌ನಿಂದ (ಪೇಜು ಹೇಗೆ ಕಾಣ್ಬೇಕು ಅಂತ ಹೇಳೋ ಕೋಡು) ನುಡಿ ಫಾಂಟ್ ಹೆಸ್ರು ತೆಗೆದು ನೋಟೋ ಸಾನ್ಸ್ ಕನ್ನಡ ಅನ್ನೋ ಯೂನಿಕೋಡ್ ಫಾಂಟ್ ಹಾಕು.

ಮಂಡಗದ್ದೆ_ಹಕ್ಕಿ

ಅಣ್ಣ, ಮೂರು ರಾತ್ರಿ ಕೂತು ಮಾಡ್ದೆ, ಮಧ್ಯ ಕರೆಂಟ್ ಹೋದ್ರೆ ಟವರ್ರೂ ಹೋಗತ್ತೆ ನಮ್ಮಲ್ಲಿ, ಅದ್ಕೇ ತಡ ಆಯ್ತು. ಈಗ ಕನ್ನಡ ಓದ್ತಿದೆ! ಆದ್ರೆ "ವರ್ಷ" ಇರೋ ಕಡೆ ಕೆಲವು ಸಲ "ವಷ ಒಂಬತ್ತು" ಅನ್ನತ್ತೆ, "ಸಂಘ" ಇರೋ ಕಡೆ "ಸ ಸೊನ್ನೆ ಘ" ಅನ್ನತ್ತೆ. ನೋಡಿದ್ರೆ ಎಂತ ವ್ಯತ್ಯಾಸಾನೂ ಕಾಣಲ್ಲ.

ಡಿಟಿಪಿ_ದುರ್ಗಿಗುಡಿ

ಅದು ಕನ್ವರ್ಟರ್ ತಪ್ಪಲ್ಲ, ಟೈಪ್ ಮಾಡಿದವ್ರ ಅಭ್ಯಾಸ. ಅರ್ಕಾವತ್ತಿನ ಬದ್ಲು ಕನ್ನಡ ಒಂಬತ್ತು ೯, ಅನುಸ್ವಾರದ ಬದ್ಲು ಕನ್ನಡ ಸೊನ್ನೆ ೦ ಒತ್ತಿದಾರೆ. ಕಣ್ಣಿಗೆ ಒಂದೇ ಥರ, ಕಿವಿಗೆ ಬೇರೆ. ಸೊನ್ನೆದು ಫೈಂಡ್ ರಿಪ್ಲೇಸಲ್ಲಿ ಆಗತ್ತೆ, ಆದ್ರೆ ನಿಜವಾದ ಅಂಕಿ ಇರೋ ಕಡೆ ನೋಡ್ಕೊ. ಒಂಬತ್ತಿಂದು ಹಾಗೆ ನೇರ ಆಗಲ್ಲ, ಯೂನಿಕೋಡಲ್ಲಿ ರ್ ಮೊದ್ಲು ಬರ್ಬೇಕು ಷ ಆಮೇಲೆ, ಹಾಗಾಗಿ ಒಂದೊಂದೇ ಪದ ಕೈಯಲ್ಲಿ ತಿದ್ದೋದು ವಾಸಿ.

ಕೇಳಿ_ಓದುವವ

ಲಿಂಕ್ ತೆಗೆದು ಪೂರ್ತಿ ಕೇಳ್ದೆ. ನೋಟೀಸು ಎಲ್ಲಾ ಚೆನ್ನಾಗಿ ಬಂತು, ತುಂಬಾ ಖುಷಿ ಆಯ್ತು. ಆದ್ರೆ ಮುಖ್ಯವಾಗಿರೋ ಎರಡು ಕಡೆ ನಂಗೆ ಏನೂ ಸಿಗ್ಲಿಲ್ಲ.

ರೇಟಿನ ಪೇಜಲ್ಲಿ "ಐಎಂಜಿ" ಅಂತ ಶುರುವಾಗಿ ಉದ್ದ ನಂಬರ್ ಹೇಳಿ "ಇಮೇಜ್" ಅಂತ ನಿಲ್ಸಿತು. ವಾಟ್ಸಾಪಲ್ಲಿ ಬಂದ ಫೋಟೋನೇ ಹಾಕ್ತಿದೀರ ಅಲ್ವಾ? ಆಲ್ಟ್ ಟೆಕ್ಸ್ಟಲ್ಲಿ (ಚಿತ್ರದ ಬದ್ಲು ಓದೋ ವಿವರಣೆ) "ಇವತ್ತಿನ ರೇಟು" ಅಂತ ಬರೆದ್ರೆ ಇವತ್ತಿನ ರೇಟು ಇದೆ ಅಂತ ಗೊತ್ತಾಗತ್ತೆ, ಎಷ್ಟು ಅಂತ ಗೊತ್ತಾಗಲ್ಲ. ಅದನ್ನ ನಿಜವಾದ ಟೇಬಲ್ ಮಾಡಿ. ರಾಶಿ, ಬೆಟ್ಟೆ, ಗೊರಬಲು, ಸರಕು ಅನ್ನೋ ಅಡಿಕೆ ಬಗೆಗಳಿಗೆ ಒಂದೊಂದು ಸಾಲು, ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಾಗಿ ಹೋದ ರೇಟು) ಅಂತ ಕಾಲಮ್ಮು, ಈ ಸಾಲು, ಕಾಲಮ್ಮಿನ ತಲೆಪಟ್ಟಿಗಳಿಗೆ ಟಿಎಚ್ ಟ್ಯಾಗ್ ಹಾಕಿ ಸ್ಕೋಪ್ (ಸಾಲಿಗಾ, ಕಾಲಮ್ಮಿಗಾ ಅನ್ನೋದು) ಕೊಡಿ. ಆಗ ನಾನು ಯಾವ ಖಾನೆ ಮೇಲಿದ್ರೂ "ಬೆಟ್ಟೆ, ಗರಿಷ್ಠ" ಅಂತ ಹೇಳಿ ಆಮೇಲೆ ಮೊತ್ತ ಹೇಳತ್ತೆ, ಇಲ್ದಿದ್ರೆ ಬರೀ ಹನ್ನೆರಡು ನಂಬರ್ ಸಾಲಾಗಿ ಕೇಳಿ ಯಾವ್ದು ಯಾವ್ದಕ್ಕೆ ಅಂತ ಬೆರಳಲ್ಲಿ ಎಣಿಸ್ತಾ ಕೂರ್ಬೇಕು.

ಎರಡ್ನೇದು ಕೊಳೆರೋಗದ ನೋಟೀಸು. ಅದೂ ಕರಪತ್ರದ ಫೋಟೋ. ಬೋರ್ಡೋ ದ್ರಾವಣಕ್ಕೆ (ಕೊಳೆರೋಗಕ್ಕೆ ಹೊಡೆಯೋ ಔಷಧಿ) ಎಷ್ಟೆಷ್ಟು ಹಾಕ್ಬೇಕು ಅನ್ನೋದೇ ಅದ್ರಲ್ಲಿರೋ ವಿಷ್ಯ, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು ಅಂತ ನಾಲ್ಕು ಸಾಲು ಟೈಪ್ ಮಾಡಿ ಹಾಕಿದ್ರೆ ಆಯ್ತು. ಇದನ್ನ ಕೇಳಿ ಕೊನೆಗಾರರಿಗೆ (ಮರ ಹತ್ತಿ ಔಷಧಿ ಹೊಡೆಯೋರಿಗೆ) ಹೇಳೋ ಯಜಮಾನ್ರು ನಿಮ್ಮ ಮನೇಲೇ ಇದಾರಲ್ಲ.

ಇನ್ನು ಸಣ್ಣದು. ರೇಟು ಏರಿದ್ರೆ ಹಸಿರು, ಇಳಿದ್ರೆ ಕೆಂಪು ಮಾಡ್ತೀರಂತೆ, ನಮ್ಮ ತಂಗಿ ನೋಡಿ ಹೇಳಿದ್ಲು. ಬಣ್ಣದ ಜೊತೆ "ಏರಿಕೆ", "ಇಳಿಕೆ" ಅಂತ ಪದಾನೂ ಹಾಕಿ, ಹಸಿರು ಕೆಂಪು ಗುರುತು ಸಿಗದವ್ರೂ ಇರ್ತಾರೆ. ಶೀರ್ಷಿಕೆಗಳು ಬರೀ ಬೋಲ್ಡ್ ಇವೆ, ಎಚ್2 ಅನ್ನೋ ಶೀರ್ಷಿಕೆ ಟ್ಯಾಗ್ ಮಾಡಿ, ನಾವು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರ್ಕೊಂಡು ಹೋಗ್ತೀವಿ. "ಹಳೇ ರೇಟು" ಅನ್ನೋದು ಡಿವ್ ಅನ್ನೋ ಸಾದಾ ಟ್ಯಾಗಿಗೆ ಕ್ಲಿಕ್ ಹಾಕಿರೋದು, ಕೀಬೋರ್ಡಿನ ಟ್ಯಾಬ್ ಅಲ್ಲಿಗೆ ಹೋಗೋದೇ ಇಲ್ಲ, ಬಟನ್ ಟ್ಯಾಗ್ ಮಾಡಿ.

ಆಗುಂಬೆ_ಮಳೆ

ನಂದೂ ಒಂದು. ತಾರೀಕು ಬೂದು ಬಣ್ಣದಲ್ಲಿದೆ, #999. ಬಿಳಿ ಮೇಲೆ ಅದ್ರ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರೋ ಬೆಳಕಿನ ಅನುಪಾತ) 2.85 ಅಷ್ಟೇ, ಎಲ್ರೂ ಬಳಸೋ ಥರ ಸೈಟ್ ಮಾಡೋಕೆ ಇರೋ ಡಬ್ಲ್ಯುಸಿಎಜಿ ನಿಯಮದ ಪ್ರಕಾರ ಸಾಮಾನ್ಯ ಅಕ್ಷರಕ್ಕೆ 4.5 ಆದ್ರೂ ಬೇಕು. #767676 ಮಾಡಿದ್ರೆ ಗಡಿ ದಾಟತ್ತೆ, ಇನ್ನೂ ಕಪ್ಪು ಮಾಡಿದ್ರೆ ಒಳ್ಳೇದು. ಅಂಗಳದಲ್ಲಿ ಅಡಿಕೆ ಹರವ್ತಾ ಬಿಸ್ಲಲ್ಲಿ ಮೊಬೈಲ್ ನೋಡಿದ್ರೆ ನಂಗೂ ಕಾಣ್ಲಿಲ್ಲ. ಮತ್ತೆ ಆ ಪ್ಲಗಿನ್ ತೆಗೆದುಬಿಡಿ ಅಕ್ಕ, ನಾನು ತಿಳೀದೆ ಹೇಳ್ದೆ, ಪೇಜ್ ನಿಧಾನ ಆಗ್ತಿದೆ.

ಮಂಡಗದ್ದೆ_ಹಕ್ಕಿ

ಎಲ್ಲಾ ಮಾಡ್ದೆ, ಪ್ಲಗಿನ್ನೂ ತೆಗ್ದೆ. ನಿನ್ನೆ ಸಂಜೆ ದೊಡ್ಡಪ್ಪ ಕೇಳಿದ್ರು. ಮೊಬೈಲ್ ಕಿವಿ ಹತ್ರ ಹಿಡ್ಕೊಂಡು ಬೆರಳಲ್ಲಿ ಒಂದೊಂದೇ ಖಾನೆ ಸರಿಸ್ತಾ ಹೋದ್ರು, ರಾಶಿ ಗರಿಷ್ಠ ಬಂದಾಗ ನಿಲ್ಸಿ ಇನ್ನೊಂದ್ಸಲ ಕೇಳ್ಕೊಂಡ್ರು. ನಾನು ಉಸ್ರು ಬಿಗಿ ಹಿಡ್ಕೊಂಡು ನೋಡ್ತಿದ್ದೆ. ಆಮೇಲೆ "ಇದು ನಿನ್ನೇದಾ ಇವತ್ತಿಂದಾ? ತಾರೀಕು ಕೊನೇಲಿ ಹೇಳಿದ್ರೆ ಎಂತ ಪ್ರಯೋಜನ, ಮೊದ್ಲು ಹೇಳ್ಬೇಕು" ಅಂದ್ರು. ಹೌದಲ್ಲ, ತಾರೀಕು ಟೇಬಲಿನ ಕೆಳಗಿತ್ತು. ಅಲ್ಲೇ ಕೂತು ಅದನ್ನ ಟೇಬಲಿನ ಕ್ಯಾಪ್ಶನ್‌ಗೆ ಹಾಕ್ದೆ, ಈಗ ಟೇಬಲ್ ಶುರುವಾಗೋವಾಗ್ಲೇ ತಾರೀಕು ಹೇಳತ್ತೆ.

ಇನ್ನೊಂದು ಉಳ್ಕೊಂಡಿದೆ, ಹಳೇ ಕರಪತ್ರಗಳು ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿವೆ, ಅದಕ್ಕೆ ಏನ್ ಮಾಡ್ಲಿ?

ಡಿಟಿಪಿ_ದುರ್ಗಿಗುಡಿ

ಟೆಸರಾಕ್ಟ್ ಅಂತ ಒಂದು ಫ್ರೀ ಒಸಿಆರ್ (ಚಿತ್ರದಲ್ಲಿರೋ ಅಕ್ಷರನ ಪಠ್ಯ ಮಾಡೋ ಸಾಫ್ಟ್‌ವೇರ್) ಇದೆ, ಕನ್ನಡ ಓದತ್ತೆ. ಒತ್ತಕ್ಷರ, ಅಂಕಿ ಎರಡ್ರಲ್ಲೂ ತಪ್ಪು ಮಾಡತ್ತೆ. ಮೈಲುತುತ್ತದ ಅಳತೆ ಇರೋ ಸಾಲು ಮಾತ್ರ ಮೂಲ ಕರಪತ್ರ ಪಕ್ಕದಲ್ಲಿಟ್ಕೊಂಡು ಎರಡು ಸಲ ನೋಡಿ ಹಾಕು ತಂಗಿ. ಎಂಟತ್ತು ಪುಟ ಇದ್ರೆ ನಂಗೆ ಕಳ್ಸು, ಅಂಗಡಿ ಬಾಗ್ಲು ಹಾಕಿದ್ಮೇಲೆ ಟೈಪ್ ಮಾಡಿಕೊಡ್ತೀನಿ.